ದುಡ್ಡಿದ್ದರೆ ಎರಡರಲ್ಲಿ ಯಾವ ಕಾರು ತಗೋತೀಯ?

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಗೋಡೆ ಮೇಲೆ ಎರಡು ಕಾರುಗಳ ಪೋಸ್ಟರ್ ಅಂಟಿಸಿದ್ದೇನೆ. ಒಂದು 1992ರಲ್ಲಿ ಬಂದ ಮೆಕ್‌ಲಾರೆನ್ ಎಫ್1, ಇನ್ನೊಂದು 2020ರಲ್ಲಿ ತೋರಿಸಿದ ಟಿ.50. ಬರೀ ಚಾರ್ಜರ್ ತಗೊಳ್ಳೋಕೆ ಬಂದವರೂ ಕೇಳುವುದು ಮೇಲಿನ ಪ್ರಶ್ನೆಯನ್ನೇ.

ಎರಡರ ಹಿಂದಿನ ತಲೆ ಒಂದೇ, ಕಾರು ವಿನ್ಯಾಸಕ ಗಾರ್ಡನ್ ಮರ್ರಿ. ಎಫ್1 ತಯಾರಾಗಿದ್ದು ರೇಸ್ ಕಾರುಗಳೂ ಸೇರಿ 106. ಟಿ.50 ನೂರೇ ನೂರು. ಎರಡರಲ್ಲೂ ಡ್ರೈವರ್ ಸೀಟು ನಟ್ಟನಡುವೆ. ನಮ್ಮ ಆಟೋದವರು ಎಡಕ್ಕೊಬ್ಬರು ಬಲಕ್ಕೊಬ್ಬರನ್ನು ಒತ್ತಿ ಕೂರಿಸಿಕೊಂಡು ಹೋಗ್ತಾರಲ್ವಾ, ಹಾಗೆಯೇ. ಆ ಇಬ್ಬರು ಇಲ್ಲಿ ಸ್ವಲ್ಪ ಹಿಂದೆ ಕೂರುತ್ತಾರೆ, ಅಷ್ಟೇ ವ್ಯತ್ಯಾಸ.

ಎಫ್1 ಇಂಜಿನ್ ಬಿಎಂಡಬ್ಲ್ಯೂ ಮಾಡಿದ 6.1 ಲೀಟರಿನ ವಿ12, ಅಂದರೆ ಹನ್ನೆರಡು ಸಿಲಿಂಡರಿನದು. ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಟರ್ಬೊ ಇಲ್ಲ. ಆದರೂ 1998ರಲ್ಲಿ ಗಂಟೆಗೆ 386 ಕಿ.ಮೀ. ಮುಟ್ಟಿತು. ಇಂಜಿನ್ ಇರುವ ಗೂಡಿನ ಒಳಗೆ ಚಿನ್ನದ ಹಾಳೆ ಅಂಟಿಸಿದ್ದಾರೆ, ಶಾಖ ವಾಪಸ್ ತಳ್ಳಲಿ ಅಂತ. ನಮ್ಮದೇ ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ, ಅದು ಹೀಗೂ ಉಪಯೋಗಕ್ಕೆ ಬರುತ್ತದೆ ಅಂದರೆ ನಮ್ಮ ಅವ್ವ ಇವತ್ತಿಗೂ ನಂಬುವುದಿಲ್ಲ.

ನನ್ನ ಹೊಟ್ಟೆಪಾಡಿಗೆ ಹತ್ತಿರದ ವಿಷಯ ಬೇರೆ. ಎಫ್1 ಸರ್ವಿಸ್ ಮಾಡಲು 90ರ ದಶಕದ, ಕಾಂಪ್ಯಾಕ್ ಕಂಪನಿಯ ಒಂದು ಲ್ಯಾಪ್‌ಟಾಪ್ ಬೇಕಾಗಿತ್ತು. ಕಾರಿನ ಜೊತೆ ಮಾತಾಡುವ ವಿಶೇಷ ಕಾರ್ಡ್ ಆ ಮಷೀನಿಗೇ ಹೊಂದುತ್ತಿತ್ತು. ಸಾಫ್ಟ್‌ವೇರ್ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ್ದು. ಕೋಟಿಗಟ್ಟಲೆ ಬೆಲೆಯ ಕಾರು, ಅದರ ಜೀವ ಗುಜರಿಗೆ ಹೋಗುವ ಲ್ಯಾಪ್‌ಟಾಪಿನ ಕೈಯಲ್ಲಿ! ಅಷ್ಟು ಹಳೇ ಮಷೀನು ನನ್ನ ಟೇಬಲ್ಲಿಗೂ ಬಂದಿದೆ. ಸ್ಕ್ರೂಡ್ರೈವರ್ ತಾಗಿಸಿದರೆ ಸಾಕು, ಕೀಲಿನ ಹತ್ತಿರದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಲಟಕ್ ಅನ್ನುತ್ತದೆ. ಒಂದು ಸಲ ಅರ್ಧ ದಿನ ಅಂಟು ಹಾಕುತ್ತಾ ಕೂತು, ಕೊನೆಗೆ ಗಿರಾಕಿಗೆ ಕ್ಷಮೆ ಕೇಳಿದೆ.

ಟಿ.50 ಹಿಂಭಾಗದಲ್ಲಿ 40 ಸೆಂಟಿಮೀಟರಿನ ಫ್ಯಾನ್ ಇದೆ. ಕೂಲರ್ ಹಿಂದೆ ಪರದೆ ಇಳಿಬಿಟ್ಟರೆ ಅದು ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದಲ್ಲ, ಇಲ್ಲೂ ಅದೇ ಕಥೆ. ಕಾರಿನ ಅಡಿಯ ಗಾಳಿ ಎಳೆದುಕೊಂಡು, ಕಾರನ್ನು ರಸ್ತೆಗೆ ಒತ್ತಿ ಹಿಡಿಯುತ್ತದೆ. ಮರ್ರಿಗೆ ಇದು ಹಳೇ ಚಾಳಿ. 1978ರಲ್ಲಿ ಇಂಥದೇ ಫ್ಯಾನ್ ಇಟ್ಟು ಅವರು ಮಾಡಿದ ಬ್ರಾಬಮ್ ತಂಡದ ರೇಸ್ ಕಾರಿನಲ್ಲಿ ನಿಕಿ ಲೌಡಾ ಸ್ವೀಡನ್ ರೇಸ್ ಗೆದ್ದಿದ್ದರು. ಟಿ.50ಯ 4 ಲೀಟರ್ ವಿ12 ನಿಮಿಷಕ್ಕೆ 12,100 ಸುತ್ತಿನವರೆಗೂ ತಿರುಗುತ್ತದೆ. 2020ರಲ್ಲಿ ಹೇಳಿದ ತೂಕ 986 ಕಿಲೊ, ಎಫ್1ಗಿಂತ ಸುಮಾರು 150 ಕಿಲೊ ಕಡಿಮೆ.

ಹಾಗಾದರೆ ಯಾವುದು? ಟಿ.50. ಎಫ್1 ಏಸಿ, ಹೆಡ್‌ಲೈಟು ಸುಮಾರು ಅಂತ ಮರ್ರಿಯವರೇ ಒಪ್ಪಿಕೊಂಡಿದ್ದಾರೆ, ಈ ಕಾರಿನಲ್ಲಿ ಅವನ್ನು ಸರಿ ಮಾಡಿದ್ದಾರೆ. ಮೇ ತಿಂಗಳ ರಾಯಚೂರಿನಲ್ಲಿ ಏಸಿ ಸುಮಾರಾದರೆ ವಿ12 ಇಟ್ಕೊಂಡು ಏನು ಮಾಡೋದು? ಮೇಲಾಗಿ 2021ರಲ್ಲಿ ಒಂದು ಎಫ್1 ಹರಾಜಿನಲ್ಲಿ 2 ಕೋಟಿ ಡಾಲರಿಗೂ ಜಾಸ್ತಿಗೆ ಹೋಯಿತು. ಅಷ್ಟು ಕೊಟ್ಟವನು ಅದನ್ನು ಓಡಿಸುತ್ತಾನಾ, ಸುಮ್ನೆ ಬಟ್ಟೆ ಹೊದಿಸಿ ಇಡ್ತಾನೆ.

ಎಫ್1 ಪೂರ್ತಿ ಬೇಡ ಅಂತಲ್ಲ. ಆ ಕಾಂಪ್ಯಾಕ್ ಮಾತ್ರ ಒಮ್ಮೆ ಬಿಚ್ಚಲು ಕೊಡಿ. ಈ ಸಲ ಕೀಲು ಮುರಿಯುವುದಿಲ್ಲ.