ಪಿಕ್ಚರ್ ಹೇಗುಂಟು, ನೋಡ್ಬಹುದಾ?

ಹೊಸ ಸಿನಿಮಾ ಬಂದ ವಾರ ನನ್ನ ವಾಟ್ಸಾಪ್ ತುಂಬ ಇದೇ ಪ್ರಶ್ನೆ. ಆಫೀಸಿನವರು ಕೇಳುತ್ತಾರೆ, ಪಿಜಿಯಲ್ಲಿ ಪಕ್ಕದ ರೂಮಿನವಳು ಕೇಳುತ್ತಾಳೆ. ಮಣಿಪಾಲದಲ್ಲಿ ಓದುವ ಚಿಕ್ಕಮ್ಮನ ಮಗಳು, "ಅಕ್ಕಾ, ಹೇಗುಂಟು? ನೋಡ್ಬಹುದಾ?" ಎಂದು ವಾಯ್ಸ್ ಮೆಸೇಜ್ ಹಾಕುತ್ತಾಳೆ. ಕನ್ನಡ, ತುಳು, ಮಲಯಾಳಂ ಎಂದು ನೋಡದೆ ಎಲ್ಲದಕ್ಕೂ ಹೋಗುವವಳು ನಾನು. ಹಾಗಾಗಿ ನನ್ನನ್ನೇ ಕೇಳುತ್ತಾರೆ. ಅವರಿಗೆ ಬೇಕಾದದ್ದು ಹೌದು ಅಥವಾ ಬೇಡ, ಅಷ್ಟೇ. ನಾನು ಮೊದಲು ತಿರುಗಿ ಕೇಳುತ್ತೇನೆ: ಯಾವಾಗ ನೋಡ್ತೀರಿ? ಯಾರ ಜೊತೆ?

ನೋಡುವವರ ದಿನ ಹೇಗಿತ್ತು ಎಂದು ತಿಳಿಯದೆ ಸಿನಿಮಾದ ಬಗ್ಗೆ ಹೇಳುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಇದಕ್ಕೆ ನನ್ನ ಬಳಿ ಇರುವ ಒಳ್ಳೆಯ ಉದಾಹರಣೆ 'ಉಳಿದವರು ಕಂಡಂತೆ'. ರಕ್ಷಿತ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ 2014ರ ಸಿನಿಮಾ. ಉಡುಪಿ ಹತ್ತಿರದ ಮಲ್ಪೆಯ ಕಥೆ. ಕೃಷ್ಣಾಷ್ಟಮಿಯ ದಿನ ನಡೆದ ಒಂದು ಘಟನೆಯನ್ನು ಬೇರೆ ಬೇರೆ ಜನರ ಕಣ್ಣಿನಿಂದ, ಅಧ್ಯಾಯಗಳಾಗಿ ಹೇಳುತ್ತದೆ. ನಮ್ಮದು ಅಮೆರಿಕದ ಗಂಟೆಗೆ ನಡೆಯುವ ಆಫೀಸು. ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬ ರಾತ್ರಿ ಪಾಳಿ ಮುಗಿಸಿ, ಕ್ಯಾಬಿನಲ್ಲಿ ಅರ್ಧ, ಮಲಗುವ ಮೊದಲು ಅರ್ಧ, ಅದೂ ಒಂದೂವರೆ ಸ್ಪೀಡಿನಲ್ಲಿ ಅದನ್ನು ನೋಡಿದ. "ಎಂತ ಉಂಟು ಅದರಲ್ಲಿ? ತಲೆಬುಡ ಅರ್ಥ ಆಗ್ಲಿಲ್ಲ" ಎಂದ. ಆಗುವುದಾದರೂ ಹೇಗೆ? ಮೊದಲ ಅಧ್ಯಾಯದಲ್ಲಿ ಯಾರೋ ಸುಮ್ನೆ ಹೇಳಿದ ಮಾತು ಮುಂದಿನ ಅಧ್ಯಾಯದಲ್ಲಿ ಬೇರೆ ಅರ್ಥ ಕೊಡುತ್ತದೆ. ಅದು ನೆನಪಿನಲ್ಲಿ ಇರಬೇಕು. ರತ್ನಕ್ಕ ಮಗನಿಗೆ ಕಾದ ವರ್ಷಗಳು ತಾರಾ ಅವರ ಮುಖದಲ್ಲಿ ಕಾಣುತ್ತವೆ. ಆ ಮುಖವನ್ನು ಸ್ಪೀಡ್ ಮಾಡಿ ನೋಡಿದರೆ ಕಾದದ್ದೇ ಕಾಣುವುದಿಲ್ಲ. ಥಿಯೇಟರಿಗೆ ಬಂದಾಗ ಈ ಸಿನಿಮಾ ದುಡ್ಡು ಮಾಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಮನೆಯಲ್ಲಿ ಮತ್ತೆ ಮತ್ತೆ ನೋಡಿದವರೇ ಅದನ್ನು ಎತ್ತಿ ಹಿಡಿದರು. ಹಾಗಾಗಿ ನನ್ನ ಉತ್ತರ: ರಜೆಯ ದಿನ, ಚೆನ್ನಾಗಿ ನಿದ್ದೆ ಮಾಡಿ ಎದ್ದು, ಬೆಳಗ್ಗೆ ನೋಡಿ. ಅದಾಗದಿದ್ದರೆ ಈಗ ಬೇಡ.

ಹಾಗೆಂದು ಕೆಟ್ಟ ಸಿನಿಮಾವನ್ನು ದಿನದ ಲೆಕ್ಕ ಹೇಳಿ ನಾನು ಕಾಪಾಡುವುದಿಲ್ಲ. ಹೀರೋ ನಡೆದು ಬರುವುದಕ್ಕೇ ಕಾಲು ಗಂಟೆ ತಿನ್ನುವ ಸಿನಿಮಾ ಭಾನುವಾರ ಬೆಳಗ್ಗೆಯೂ ಕೆಟ್ಟದ್ದೇ. ನನಗೆ ಅದಕ್ಕಿಂತ ಬೇಜಾರು ಮಾಡುವುದು ಇನ್ನೊಂದುಂಟು. ವಾಕ್ಯದ ಕೊನೆಗೆಲ್ಲ ಒಂದು 'ಮಾರಾಯ' ಸೇರಿಸಿ, ಇದು ಮಂಗಳೂರು ಕನ್ನಡ ಎಂದು ನಗಿಸಲು ಹೊರಡುವ ಪಾತ್ರಗಳು. ನಾವು ಅದೇ ಕನ್ನಡದಲ್ಲಿ ಅಳುತ್ತೇವೆ, ಜಗಳ ಮಾಡುತ್ತೇವೆ, ಬ್ಯಾಂಕ್ ಲೋನ್ ಕೇಳುತ್ತೇವೆ. 2017ರ 'ಒಂದು ಮೊಟ್ಟೆಯ ಕಥೆ' ನನಗೆ ಇಷ್ಟವಾದದ್ದು ಅದಕ್ಕೇ. ರಾಜ್ ಬಿ. ಶೆಟ್ಟಿ ಮಾಡಿದ ಜನಾರ್ದನ ಕನ್ನಡ ಲೆಕ್ಚರರ್, ತಲೆಯಲ್ಲಿ ಕೂದಲಿಲ್ಲ, ಮದುವೆಗೆ ಹೆಣ್ಣು ಸಿಗುತ್ತಿಲ್ಲ. ಅವನ ಮಾತು ನಮ್ಮ ಮಾತು. ನಗು ಬರುವುದು ಅವನ ಪರಿಸ್ಥಿತಿಗೆ. ಈ ಸಿನಿಮಾ ಯಾವ ದಿನಕ್ಕೂ ಆಗುತ್ತದೆ. ಕೆಲಸದಲ್ಲಿ ಬೈಸಿಕೊಂಡು ಬಂದ ಸಂಜೆಗೆ ಸ್ವಲ್ಪ ಜಾಸ್ತಿಯೇ ಆಗುತ್ತದೆ.

'ಗರುಡ ಗಮನ ವೃಷಭ ವಾಹನ' ಹಾಗಲ್ಲ. 2021ರಲ್ಲಿ ಬಂದ ಇದೂ ಅದೇ ರಾಜ್ ಶೆಟ್ಟರ ಸಿನಿಮಾ, ಮಂಗಳೂರಿನ ಮಂಗಳಾದೇವಿ ಸುತ್ತಮುತ್ತಲಿನ ರೌಡಿಗಳ ಕಥೆ. ಅದರಲ್ಲಿ ಕೊಲೆ ಮಾಡಿ ಬಂದ ರೌಡಿ ಶಿವ ಮಳೆಯಲ್ಲಿ ಹುಲಿ ಹೆಜ್ಜೆ ಹಾಕಿ ಕುಣಿಯುತ್ತಾನೆ, ಹಿನ್ನೆಲೆಯಲ್ಲಿ 'ಸೋಜುಗದ ಸೂಜುಮಲ್ಲಿಗೆ' ಕೇಳುತ್ತದೆ. ಬೇರೆ ಊರಿನವರಿಗೆ ಅದು ಹೊಸ ಥರದ ಡ್ಯಾನ್ಸ್. ನಮಗೆ ಹಾಗಲ್ಲ. ನವರಾತ್ರಿಗೆ ತಾಸೆ ಬಡಿದುಕೊಂಡು ಅಂಗಳಕ್ಕೆ ಬರುವ ಹುಲಿವೇಷದ ಹೆಜ್ಜೆ ಅದು, ಚಿಕ್ಕಂದಿನಲ್ಲಿ ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡಿದ್ದು. ಅದೇ ಹೆಜ್ಜೆ ಅಲ್ಲಿ ಬಂದಾಗ ಹೊಟ್ಟೆಯಲ್ಲಿ ಎಂತದೋ ಆಗುತ್ತದೆ. ಅದ್ಭುತ ಸಿನಿಮಾ. ಆದರೆ ಮನಸ್ಸು ಮೊದಲೇ ಭಾರ ಇದ್ದ ದಿನಕ್ಕೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಅಮ್ಮ ಕೇಳಿದಾಗಲೂ ಬೇಡ ಎಂದೆ.

ಇನ್ನು ಯಾರಿಗೆ ಯಾವ ಶೋ ಸಿಗುತ್ತದೆ ಎಂಬ ಮಾತು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಒಳಗೆ ಸಿನಿಮಾ ಹಿಟ್ಟೋ ಫ್ಲಾಪೋ ಎಂದು ತೀರ್ಮಾನ ಆಗಿರುತ್ತದೆ. ಆ ತೀರ್ಮಾನ ಮಾಡುವವರು ಕೆಲಸದ ದಿನ ಬೆಳಗ್ಗೆ ಬಿಡುವಾಗಿ ಇರುವವರು. ಹಾಸ್ಟೆಲ್ ಹುಡುಗಿಯರಿಗೆ ಸೆಕೆಂಡ್ ಶೋ ಇಲ್ಲವೇ ಇಲ್ಲ, ಗೇಟು ಹಾಕುತ್ತಾರೆ. ಫಸ್ಟ್ ಶೋಗೆ ಹೋದರೂ ಕೊನೆಯ ಅರ್ಧ ಗಂಟೆ ಸಿಟಿ ಬಸ್ಸಿನ ಚಿಂತೆಯಲ್ಲೇ ಹೋಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಗೆಳತಿ ಡ್ಯೂಟಿ ಚಾರ್ಟ್ ನೋಡಿ ಟಿಕೆಟ್ ಮಾಡುತ್ತಾಳೆ. ಮಲ್ಪೆಯಲ್ಲಿ ಬೋಟಿಗೆ ಹೋಗುವವರಿಗೆ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧವೇ ಸಿನಿಮಾ ಸೀಸನ್. ಹೊರಗೆ ಜಡಿ ಮಳೆ, ಯಕ್ಷಗಾನ ಮೇಳಗಳೂ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿರುತ್ತವೆ, ರಾತ್ರಿ ಆಟ ಇಲ್ಲ. ಇವರೆಲ್ಲರ ಅಭಿಪ್ರಾಯ ನನಗೆ ಮೊದಲ ದಿನದ ರಿವ್ಯೂಗಿಂತ ಮುಖ್ಯ. ಕಷ್ಟಪಟ್ಟು ಸಮಯ ಹೊಂದಿಸಿಕೊಂಡು ಹೋದವರು ಸಿನಿಮಾವನ್ನು ಗಮನ ಕೊಟ್ಟು ನೋಡಿರುತ್ತಾರೆ.

ಇಂಥವರ ಬಾಯಿ ಮಾತಿನಿಂದಲೇ ಗೆದ್ದ ಸಿನಿಮಾ 'ಸು ಫ್ರಮ್ ಸೋ'. ಜೆ.ಪಿ. ತೂಮಿನಾಡು ನಿರ್ದೇಶನ, ಬಿಡುಗಡೆ 2025ರ ಜುಲೈ 25, ಸರಿಯಾಗಿ ಮಳೆಗಾಲದ ನಡುವೆ. ದೊಡ್ಡ ಸ್ಟಾರ್ ಇಲ್ಲ. ಸೋಮೇಶ್ವರದ ಸುಲೋಚನಾ ಎಂಬವಳ ಪ್ರೇತ ಊರಿನ ಹುಡುಗನ ಮೈಮೇಲೆ ಬಂದಿದೆ ಎಂದು ಇಡೀ ಊರು ಗಾಬರಿಯಾಗುವ ಕಥೆ. ನೋಡಿ ಬಂದವರು ಇನ್ನೊಬ್ಬರಿಗೆ ಹೇಳಿದರು, ಶೋಗಳು ಹೆಚ್ಚಾದವು. ನನ್ನನ್ನು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: ತುಂಬಿದ ಥಿಯೇಟರಿನಲ್ಲೇ ನೋಡಿ, ಒಬ್ಬರೇ ಹೋಗಬೇಡಿ. ಪಕ್ಕದ ಸಾಲಿನವರ ನಗು ಕೇಳಿಯೇ ನಮಗೆ ಅರ್ಧ ನಗು ಬರುವ ಸಿನಿಮಾ ಅದು. ತುಳು ನಾಟಕ ನೋಡಿ ಬೆಳೆದವರಿಗೆ ಈ ಸುಖ ಚೆನ್ನಾಗಿ ಗೊತ್ತು.

ದುಡ್ಡಿನ ವಿಷಯವನ್ನೂ ಹೇಳಬೇಕು. ಸಂಬಳ ಬರುವ ನಾನು "ನೋಡ್ಬಹುದು" ಎಂದು ಸುಲಭವಾಗಿ ಹೇಳುತ್ತೇನೆ. ಮನೆಯಿಂದ ಬಂದ ದುಡ್ಡಿನಲ್ಲಿ ತಿಂಗಳು ಕಳೆಯುವ ವಿದ್ಯಾರ್ಥಿಗೆ ವೀಕೆಂಡ್ ಮಲ್ಟಿಪ್ಲೆಕ್ಸ್ ಟಿಕೆಟ್ ಎಂದರೆ ಕೆಲವು ದಿನದ ಊಟ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ತಂದಾಗ ನಮ್ಮ ಪಿಜಿಯಲ್ಲಿ ಎಲ್ಲರಿಗೂ ಖುಷಿ. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ಕಾಲೇಜಿನವರು ಕೇಳಿದರೆ ನಾನು ಇನ್ನೂ ಬಿಗಿಯಾಗಿ ಉತ್ತರಿಸುತ್ತೇನೆ. ಸಾಧಾರಣ ಸಿನಿಮಾ ಆದರೆ "ಮೊಬೈಲಿಗೆ ಬರ್ತದೆ, ಕಾಯಿ" ಎನ್ನುತ್ತೇನೆ. 'ಕಾಂತಾರ'ದಂಥದ್ದಕ್ಕೆ ಮಾತ್ರ ಸಾಲ ಮಾಡಿಯಾದರೂ ಹೋಗು ಎಂದಿದ್ದೆ. ಕೊನೆಯಲ್ಲಿ ಬರುವ ದೈವದ ಆ ಕೂಗು ಮೊಬೈಲಿನ ಸ್ಪೀಕರಿನಲ್ಲಿ ಹಿಡಿಯುವಂಥದ್ದಲ್ಲ.

ಒಬ್ಬನಿಗೆ ಮಾತ್ರ ನನ್ನ ಉತ್ತರ ಬೇರೆ. ದೊಡ್ಡಪ್ಪನ ಮಗ ಕುವೈತ್‌ನಲ್ಲಿದ್ದಾನೆ. ಶುಕ್ರವಾರ ರಜೆ, ರೂಮಿನಲ್ಲಿ ನಮ್ಮ ಕಡೆಯವರೇ ನಾಲ್ಕೈದು ಜನ, ಸಣ್ಣ ಟಿವಿಗೆ ಮೊಬೈಲ್ ಜೋಡಿಸಿ ನೋಡುತ್ತಾರೆ. ಅವನು ಚೆನ್ನಾಗಿದೆಯಾ ಎಂದು ಕೇಳುವುದಿಲ್ಲ. "ನಮ್ಮ ಭಾಷೆ ಸರಿ ಉಂಟಾ? ಮಳೆ ತೋರಿಸಿದ್ದಾರಾ?" ಎಂದು ಕೇಳುತ್ತಾನೆ. ಕಥೆ ಸಾಧಾರಣ ಎಂದು ನಾನು ಬೇರೆಯವರಿಗೆ ಬೇಡ ಎಂದದ್ದನ್ನೂ ಅವನಿಗೆ ನೋಡು ಅಣ್ಣ ಎನ್ನುತ್ತೇನೆ. ನೋಡಿದ ಮೇಲೆ ಅವನು ಫೋನ್ ಮಾಡುವುದು ಕಥೆಯ ಬಗ್ಗೆ ಮಾತಾಡಲಿಕ್ಕಲ್ಲ, ಆ ಸೇತುವೆ ಯಾವುದು, ಆ ಹೋಟೆಲ್ ಈಗಲೂ ಉಂಟಾ ಎಂದು ಕೇಳಲಿಕ್ಕೆ.