ಕೋಳಿಗೆ ಪ್ರೋಬಯಾಟಿಕ್ ಪುಡಿ ಕೊಳ್ಳಬೇಕೇ?

ನಾಟಿ, ಗಿರಿರಾಜ ಕೋಳಿ ಸಾಕುತ್ತಿರುವ ಗೆಳೆಯರು ಪ್ರೋಬಯಾಟಿಕ್ ಪುಡಿಗೆ, ಅಂದರೆ ಕರುಳಿಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾಗಳ ಪುಡಿಗೆ, ದುಡ್ಡು ಹಾಕಬಹುದೇ ಎಂದು ಕೇಳುತ್ತಲೇ ಇರುತ್ತಾರೆ. ಇದರ ಹಿಂದಿನ ವಿಜ್ಞಾನವೇನೋ ಗಟ್ಟಿಯಾದದ್ದು: ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಎಳೆಯ ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಯೂರುವುದಿಲ್ಲವೆಂದು ಫಿನ್ಲೆಂಡಿನ ವಿಜ್ಞಾನಿಗಳಾದ ನುರ್ಮಿ ಮತ್ತು ರಂತಾಲಾ 1973ರಲ್ಲೇ ತೋರಿಸಿದ್ದರು. ತಾಯಿಯ ಹಿಂದೆ ತಿಪ್ಪೆ ಕೆದಕುತ್ತ ಬೆಳೆಯುವ ಮರಿಗೆ ಆ ಜೀವಿಗಳು ತಾವಾಗಿಯೇ ಸಿಗುತ್ತವೆ. ಹ್ಯಾಚರಿಯಲ್ಲಿ ಹುಟ್ಟಿ ತಾಯಿಯ ಮುಖವನ್ನೇ ಕಾಣದ ಮರಿಗೆ ಆ ಭಾಗ್ಯವಿಲ್ಲ. ಆದ್ದರಿಂದ ಹ್ಯಾಚರಿಯಿಂದ ತಂದ ಮರಿಗಳಿಗೆ ಮೊದಲ ದಿನಗಳಲ್ಲಿ, ಹಾಗೆಯೇ ಆ್ಯಂಟಿಬಯಾಟಿಕ್ ಕೊಟ್ಟು ಮುಗಿಸಿದ ಮೇಲೆ, ಇದನ್ನು ಕೊಡುವುದು ಸಾರ್ಥಕವೆಂದು ನನ್ನ ಅಭಿಪ್ರಾಯ. ಹಿತ್ತಲಲ್ಲಿ ಮೇಯುವ ಆರೋಗ್ಯವಂತ ಕೋಳಿಗೆ ವರ್ಷವಿಡೀ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಕೊಳ್ಳುವವರು ಪೊಟ್ಟಣದ ಮೇಲೆ ಬ್ಯಾಕ್ಟೀರಿಯಾದ ಹೆಸರು, ಗ್ರಾಮಿಗೆ ಎಷ್ಟು ಸಿಎಫ್‌ಯು (ಪುಡಿಯಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳ ಎಣಿಕೆ) ಎಂಬ ಲೆಕ್ಕ ಮತ್ತು ಅವಧಿ ಮುಗಿಯುವ ದಿನಾಂಕವನ್ನು ದಯವಿಟ್ಟು ಓದಿಕೊಳ್ಳಿ. ಲ್ಯಾಕ್ಟೊಬ್ಯಾಸಿಲಸ್ ಶಾಖಕ್ಕೆ ಬೇಗ ಸಾಯುತ್ತದೆ; ಆದರೆ ಬೀಜಕ (ಗಟ್ಟಿ ಕವಚದೊಳಗೆ ಸುಪ್ತವಾಗಿರುವ) ರೂಪದಲ್ಲಿರುವ ಬ್ಯಾಸಿಲಸ್ ಸಬ್ಟಿಲಿಸ್ ಪೆಲೆಟ್ ಮೇವು ತಯಾರಿಸುವಾಗಿನ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಪುಡಿ ಕದಡಿದರೆ ಕೋಳಿ ಕುಡಿಯುವ ಮೊದಲೇ ಬಹಳಷ್ಟು ಜೀವಾಣುಗಳು ಸತ್ತಿರುತ್ತವೆ. ಇನ್ನು, ಭತ್ತದ ಹೊಟ್ಟಿನ ಹಾಸು ಒದ್ದೆಯಾಗಿ ಅಮೋನಿಯಾದ ಘಾಟಿಗೆ ಕಣ್ಣು ಉರಿಯುತ್ತಿರುವ ಶೆಡ್ಡಿನಲ್ಲಿ ಮೊದಲು ಹಾಸನ್ನು ಬದಲಿಸಬೇಕು, ಪುಡಿಯ ಮಾತು ಆಮೇಲೆ.