ಅಂಚೆಪೆಟ್ಟಿಗೆಯ ಮೇಲೆ ಮೂರು ಹೆಸರು

ಜರ್ಮನಿಗೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ವೀಸಾ, ಮನೆ ಬಾಡಿಗೆ, ಸೋನಾಮಸೂರಿ ಸಿಗುವ ಅಂಗಡಿ, ಇವನ್ನೇ. ನಾನು ಮಾತ್ರ ಮೊದಲು ಅಂಚೆಪೆಟ್ಟಿಗೆಯ ಮಾತು ಎತ್ತುತ್ತೇನೆ. ಮನೆಯ ಬೀಗದ ಕೈ ಸಿಕ್ಕ ದಿನವೇ ಅದರ ಮೇಲೆ ನಿಮ್ಮ ಹೆಸರು ಇರಬೇಕು.

ಸ್ಟುಟ್‌ಗಾರ್ಟಿನ ನಮ್ಮ ಕಟ್ಟಡದಲ್ಲಿ ಯಾವ ಬಾಗಿಲಿಗೂ ಸಂಖ್ಯೆಯಿಲ್ಲ. ಬೀದಿಯ ಹೆಸರು, ಕಟ್ಟಡದ ಸಂಖ್ಯೆ, ಪಿನ್‌ಕೋಡ್, ಊರು: ವಿಳಾಸ ಅಲ್ಲಿಗೆ ಮುಗಿಯಿತು. ಶಿವಮೊಗ್ಗದಲ್ಲಾದರೆ ‘ಗಣಪತಿ ದೇವಸ್ಥಾನದ ಹಿಂಭಾಗ’ ಎಂದು ಬರೆದರೂ ಅಂಚೆಯವರು ವಿಚಾರಿಸಿಕೊಂಡು ತಲುಪಿಸುತ್ತಾರೆ. ಇಲ್ಲಿ ಅವರಿಗೆ ಸಿಗುವ ಗುರುತು ಪೆಟ್ಟಿಗೆಯ ಮೇಲಿನ ಹೆಸರೊಂದೇ. ಅದು ಕಾಣದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಹಿಂದಿರುಗುವುದು ಸಣ್ಣಪುಟ್ಟ ಕಾಗದವಲ್ಲ. ಮನೆ ಸೇರಿದ ಎರಡು ವಾರದೊಳಗೆ ಮನೆ ಮಾಲೀಕರ ದೃಢೀಕರಣ ಪತ್ರ ಹಿಡಿದು ವಿಳಾಸ ನೋಂದಾಯಿಸಬೇಕು (ಆನ್‌ಮೆಲ್ಡುಂಗ್). ಅದಾದ ಮೇಲೆ 11 ಅಂಕೆಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಸಂಬಳದಲ್ಲಿ ಹೆಚ್ಚು ತೆರಿಗೆ ಮುರಿದುಕೊಳ್ಳುವ ಸಂಭವವಿದೆ. ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಕಾರ್ಡು, ಬೇರೊಂದು ಲಕೋಟೆಯಲ್ಲಿ ಅದರ ಪಿನ್, ಎಲ್ಲಕ್ಕೂ ಅದೇ ಪೆಟ್ಟಿಗೆ.

ನಮ್ಮ ಕನ್ನಡದ ಕುಟುಂಬಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ನನ್ನ ಪಾಸ್‌ಪೋರ್ಟಿನ ಉಪನಾಮದ ಜಾಗದಲ್ಲಿ ಅಪ್ಪನ ಹೆಸರಿದೆ, ಗಂಡನ ಪಾಸ್‌ಪೋರ್ಟಿನಲ್ಲಿ ಮಾವನವರ ಹೆಸರು, ಮಗಳದರಲ್ಲಿ ಗಂಡನ ಹೆಸರು. ಒಂದೇ ಮನೆಯವರೆಂದು ಇಲ್ಲಿಯವರಿಗೆ ಹೊಳೆಯಲು ದಾರಿಯೇ ಇಲ್ಲ. ಹಾಗಾಗಿ ಮೂರೂ ಹೆಸರು ಪೆಟ್ಟಿಗೆಯ ಮೇಲಿರಲಿ, ಕರೆಗಂಟೆಯ ಪಕ್ಕದಲ್ಲೂ ಇರಲಿ. ಕೂಸಿಗೆ ಅಂಚೆ ಯಾಕೆ ಬರುತ್ತದೆ ಎನ್ನಬೇಡಿ: ತೊಟ್ಟಿಲ ಮಗುವಿಗೂ ತೆರಿಗೆ ಸಂಖ್ಯೆ ಬರುತ್ತದೆ, ಮಕ್ಕಳ ಭತ್ಯೆಗೆ ಅದನ್ನು ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಬರೆಯಿರಿ. ಹೆಸರು ಉದ್ದವಾಯಿತೆಂದು ಮೊಟಕುಗೊಳಿಸಬೇಡಿ, ಅಕ್ಷರ ಚಿಕ್ಕದು ಮಾಡಿ. ಮಾಲೀಕರು ಅಚ್ಚುಕಟ್ಟಾದ ಫಲಕ ಹಾಕಿಸುವವರೆಗೆ ಕಾಗದದ ಚೀಟಿ ಅಂಟಿಸಿದರೂ ನಡೆಯುತ್ತದೆ. ಬೇರೆಯವರ ಮನೆಯಲ್ಲಿ ಒಂದು ಕೋಣೆ ಹಿಡಿದವರು ವಿಳಾಸದಲ್ಲಿ ‘ಸಿ/ಒ’ ಎಂದು ಆ ಮನೆಯವರ ಹೆಸರು ಸೇರಿಸಬೇಕು.

ಹಳದಿ ಲಕೋಟೆಯ ಬಗ್ಗೆ ನನಗೆ ನಿಜವಾದ ಭಯವಿದೆ. ಸರ್ಕಾರಿ ಕಚೇರಿ ಅಥವಾ ನ್ಯಾಯಾಲಯದ ಮುಖ್ಯ ಪತ್ರ ಅದರಲ್ಲಿ ಬರುತ್ತದೆ, ಪೆಟ್ಟಿಗೆಗೆ ಹಾಕಿದ ದಿನಾಂಕವನ್ನು ಅಂಚೆಯವರು ಲಕೋಟೆಯ ಮೇಲೆ ಬರೆದಿರುತ್ತಾರೆ. ಗಡುವು ಆ ದಿನದಿಂದ ಓಡುತ್ತದೆ, ನೀವು ತೆರೆದ ದಿನದಿಂದಲ್ಲ. ಸಂಚಾರ ದಂಡದ ಆದೇಶಕ್ಕೆ ಆಕ್ಷೇಪ ಸಲ್ಲಿಸಲು ಎರಡೇ ವಾರ. ಊರಿನಲ್ಲಿ ಮದುವೆ, ಗೃಹಪ್ರವೇಶ ಎಂದು ತಿಂಗಳುಗಟ್ಟಲೆ ಹೋಗುವ ನಮ್ಮಂಥವರಿಗೆ ಎರಡು ವಾರ ಎಲ್ಲಿ ಸಾಕು? ಲಕೋಟೆಯನ್ನು ಎಸೆಯಲೂಬಾರದು, ಆ ದಿನಾಂಕವೇ ಸಾಕ್ಷಿ.

ನಾವು ಊರಿಗೆ ಹೊರಟಾಗ ಪೆಟ್ಟಿಗೆಯ ಕೀಲಿಕೈಯನ್ನು ಕೆಳಮನೆಯ ಅಜ್ಜಿಗೆ ಕೊಡುತ್ತೇವೆ. ಹಳದಿಯದು ಬಂದರೆ ಒಡೆದು ಫೋಟೊ ಕಳುಹಿಸಲು ಅವರಿಗೆ ಹೇಳಿಟ್ಟಿದ್ದೇವೆ. ಮನೆ ಬದಲಿಸುವವರು ಹಣ ಕಟ್ಟಿ, ಹೊಸ ವಿಳಾಸಕ್ಕೆ ಅಂಚೆ ತಿರುಗಿಸುವ ಸೇವೆಯನ್ನು ಮೊದಲೇ ಮಾಡಿಸಿಕೊಳ್ಳಿ. ಆದರೆ ಹೊಸ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಆ ಹಣವೂ ದಂಡ.